ಚರ್ಚ್ ಲೈವ್: ಚಿತ್ರ ಪರವಾಗಿಲ್ಲ, ಪ್ರಸಂಗವೇ ಕೇಳಿಸಲ್ಲ. ಹೊಸ ಕ್ಯಾಮೆರಾ ತಗೊಳ್ಳೋದಾ?

ಹಿಂದಿನ_ಸಾಲು
ಎಲ್ಲರಿಗೂ ವಂದನೆ. ಭಾನುವಾರದ ಆರಾಧನೆಯನ್ನ ಯೂಟ್ಯೂಬಲ್ಲಿ ಲೈವ್ ಕೊಡ್ತಾ ಇದ್ದೀವಿ. ಹಿಂದಿನ ಗೋಡೆ ಹತ್ರ ಟ್ರೈಪಾಡ್ ಮೇಲೊಂದು ಫೋನು, ಚರ್ಚಿನ ವೈಫೈ, ಅಷ್ಟೇ. ಮನೆಯಲ್ಲಿ ನೋಡೋರಿಗೆ ಪ್ರಸಂಗ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತೆ. ಹಾಡು ಶುರುವಾದ್ರೆ ಧ್ವನಿ ಒಡೆದುಹೋಗುತ್ತೆ. ಕಮಿಟಿಯವರು ಒಳ್ಳೇ ಕ್ಯಾಮೆರಾ ತಗೊಳ್ಳೋಣ ಅಂತಿದ್ದಾರೆ. ಹಾಲ್‌ನಲ್ಲಿ 12 ಚಾನೆಲ್ಲಿನ ಅನಲಾಗ್ ಮಿಕ್ಸರ್ ಇದೆ. ಎರಡು ಆಕ್ಸ್‌ನಲ್ಲಿ (ಮೇನ್ ಅಲ್ಲದೆ ಬೇರೆ ಕಡೆಗೆ ಧ್ವನಿ ಕಳಿಸೋ ದಾರಿ) ಒಂದು ಗಾಯಕರ ಮಾನಿಟರ್ ಸ್ಪೀಕರ್‌ಗೆ, ಇನ್ನೊಂದು ಖಾಲಿ. ಪ್ರೊಜೆಕ್ಟರ್, ವಾಟ್ಸಾಪ್ ಗ್ರೂಪ್ ಕೂಡ ಇವೆ. ಯಾವುದಕ್ಕೆ ಮೊದಲು ಕೈ ಹಾಕೋದು?

ಫೇಡರ್_ಮಾಮ
ಕ್ಯಾಮೆರಾ ಮಾತು ಸದ್ಯಕ್ಕೆ ಬಿಟ್ಟುಬಿಡಿ. ಚಿತ್ರ ಮಂಕಾದ್ರೂ ಜನ ಕೂತು ಕೇಳ್ತಾರೆ, ಮಾತು ಅರ್ಥವಾಗದಿದ್ರೆ ಎರಡು ನಿಮಿಷಕ್ಕೆ ಎದ್ದುಹೋಗ್ತಾರೆ.

ಕಾರಣ ಸುಲಭ. ಫೋನಿನ ಮೈಕು ಮಾತಾಡೋರಿಂದ ದೂರ ಇದ್ದಷ್ಟೂ ನೇರ ಧ್ವನಿ ಕಮ್ಮಿ, ಗೋಡೆ ಸೂರಿಗೆ ಬಡಿದು ಬರೋ ಗುಂಯ್ ಜಾಸ್ತಿ. ದೂರ ಎರಡರಷ್ಟಾದ್ರೆ ನೇರ ಧ್ವನಿ 6 ಡೆಸಿಬೆಲ್ ಇಳಿಯುತ್ತೆ, ಪ್ರತಿಧ್ವನಿ ಮಾತ್ರ ಹಾಗೇ ಇರುತ್ತೆ. ಜೊತೆಗೆ ಫೋನು ತಾನೇ ಗೇನ್ (ಮೈಕಿನ ಧ್ವನಿಯನ್ನ ಎಷ್ಟು ಹಿಗ್ಗಿಸೋದು ಅನ್ನೋದು) ಏರಿಸಿ ಇಳಿಸುತ್ತೆ. ಪ್ರಾರ್ಥನೆಯ ಮೌನದಲ್ಲಿ ಫ್ಯಾನ್ ಸದ್ದು ಮೇಲೆ ಬರುತ್ತೆ, ಡ್ರಮ್ ಹೊಡೆದ ಕೂಡಲೇ ಎಲ್ಲ ಅದುಮಿಹೋಗುತ್ತೆ. ಎಷ್ಟೇ ದುಬಾರಿ ಕ್ಯಾಮೆರಾ ತಂದರೂ ಅದರ ಮೈಕು ಹಿಂದಿನ ಗೋಡೆಯಲ್ಲೇ ಇದ್ರೆ ಇದೇ ಕಥೆ.

ಖಾಲಿ ಇದೆ ಅಂದ್ರಲ್ಲ ಆ ಆಕ್ಸ್, ಅದೇ ನಿಮ್ಮ ಔಷಧಿ. ಆಕ್ಸ್ ಔಟ್‌ನಿಂದ ಎರಡು ಚಾನೆಲ್ಲಿನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್‌ಗೆ (ಧ್ವನಿಯನ್ನ ಕಂಪ್ಯೂಟರ್‌ಗೆ ಒಯ್ಯೋ ಪೆಟ್ಟಿಗೆ), ಅಲ್ಲಿಂದ ಲ್ಯಾಪ್‌ಟಾಪ್‌ಗೋ ಫೋನಿಗೋ. ಕೇಬಲ್ಲು ಕಾಲಿಂಚಿನ ಟಿಆರ್‌ಎಸ್ ಜ್ಯಾಕಿನದು. ಇಂಟರ್‌ಫೇಸಲ್ಲಿ ಇನ್‌ಪುಟ್ ‘ಲೈನ್’ ಅಂತ ಇಡಿ, 48 ವೋಲ್ಟಿನ ಫ್ಯಾಂಟಮ್ ಪವರ್ (ಕೆಲವು ಮೈಕಿಗೆ ಕೇಬಲ್ಲಿನಲ್ಲೇ ಹೋಗೋ ಕರೆಂಟು) ಆಫ್, ಗೇನ್ ಪೂರ್ತಿ ಕೆಳಗಿಂದ ಶುರು ಮಾಡಿ.

ಯುವಸಂಘ_ಟೆಕ್
ಮೇನ್ ಔಟ್‌ನಿಂದಲೇ ತಗೊಂಡ್ರೆ ಆಗಲ್ವಾ ಮಾಮ? ಆಕ್ಸ್ ಯಾಕೆ?

ಫೇಡರ್_ಮಾಮ
ಆಗುತ್ತೆ, ಆದ್ರೆ ಅದು ಹಾಲ್‌ಗೆ ಮಾಡಿದ ಮಿಕ್ಸು. ಹಾಲಲ್ಲಿ ಡ್ರಮ್ಮು, ಗಿಟಾರ್ ಆಂಪು ತಾವೇ ಜೋರಾಗಿ ಕೇಳೋದ್ರಿಂದ ಮಿಕ್ಸರ್‌ನಲ್ಲಿ ಅವನ್ನ ಇಳಿಸಿರ್ತೀವಿ, ಎಷ್ಟೋ ಕಡೆ ಡ್ರಮ್ಮಿಗೆ ಮೈಕೇ ಇರಲ್ಲ. ಮೇನ್ ಔಟ್ ಕೊಟ್ರೆ ಮನೆಯವರಿಗೆ ಬರೀ ಮೂರು ದನಿ, ಒಂದು ಕೀಬೋರ್ಡು ಕೇಳುತ್ತೆ. ಆಕ್ಸ್ ಅಂದ್ರೆ ಅವರಿಗೇ ಬೇರೆ ಮಿಕ್ಸು.

ಸ್ತುತಿಧ್ವನಿ
ಹೆಡ್‌ಫೋನ್ ಜ್ಯಾಕ್ ಇರೋ ಫೋನಿಗೆ ಸೀದಾ ಮಿಕ್ಸರ್ ಕೇಬಲ್ ಚುಚ್ಚೋರಿಗೆ ಒಂದು ಮಾತು. ಆ ಜ್ಯಾಕು ಮೈಕ್ ಲೆವೆಲ್ಲಿಗೆ ಮಾಡಿದ್ದು. ಮಿಕ್ಸರ್‌ನಿಂದ ಬರೋದು ಲೈನ್ ಲೆವೆಲ್, ಅದಕ್ಕಿಂತ ಬಹಳ ಜೋರು. ನಡುವೆ ಸುಮಾರು 40 ಡೆಸಿಬೆಲ್ ಇಳಿಸೋ ಪ್ಯಾಡ್ ಇಲ್ಲದಿದ್ರೆ ಧ್ವನಿ ಪರಪರ ಹರಿಯುತ್ತೆ. ಆಮೇಲೆ ಫೋನಿನ ವಾಲ್ಯೂಮ್ ಇಳಿಸಿದ್ರೆ ಏನೂ ಆಗಲ್ಲ, ಒಡೆದದ್ದು ಒಡೆದದ್ದೇ.

ಗಂಟೆಗೋಪುರ
ಆಕ್ಸ್ ಪ್ರೀ-ಫೇಡರ್ ಇಡಿ, ಅಂದ್ರೆ ಚಾನೆಲ್ಲಿನ ಫೇಡರ್ (ಧ್ವನಿ ಏರಿಸಿ ಇಳಿಸೋ ಜಾರುಗುಂಡಿ) ಮುಟ್ಟಿದ್ರೂ ಆಕ್ಸ್ ಬದಲಾಗದ ಹಾಗೆ. ಹಾಲ್‌ನಲ್ಲಿ ಯಾರೋ ‘ಜೋರು ಮಾಡಿ’ ಅಂತ ಕೈಸನ್ನೆ ಮಾಡಿದಾಗ ಆಪರೇಟರ್ ಫೇಡರ್ ಏರಿಸ್ತಾನೆ, ಅದ್ರಿಂದ ಲೈವ್ ಕೆಡಬಾರದು.

ಫೇಡರ್_ಮಾಮ
ಇಲ್ಲ ಬ್ರದರ್, ಸಣ್ಣ ಸಭೆಗೆ ಪೋಸ್ಟ್-ಫೇಡರ್ರೇ ಸರಿ, ಫೇಡರ್ ಜೊತೆಗೇ ಆಕ್ಸ್ ಕೂಡ ಏರಿ ಇಳಿಯೋದು. ಅನಲಾಗ್ ಮಿಕ್ಸರ್‌ನಲ್ಲಿ ಒಬ್ಬನೇ ಕೂತಿರ್ತಾನೆ. ವಾಚನ ಮುಗಿದ ಮೇಲೆ ಫೇಡರ್ ಇಳಿಸ್ತಾನೆ, ಮ್ಯೂಟ್ ಒತ್ತೋದು ಮರೀತಾನೆ. ಪ್ರೀ-ಫೇಡರ್ ಆಗಿದ್ರೆ ಆ ಮೈಕು ಲೈವಲ್ಲಿ ತೆರೆದೇ ಇರುತ್ತೆ. ಕೆಮ್ಮು, ಪಿಸುಮಾತು, ‘ಇನ್ನೂ ಎಷ್ಟು ಹೊತ್ತು’ ಅನ್ನೋದು ಎಲ್ಲ ಹೊರಗೆ.

ಗಂಟೆಗೋಪುರ
ಅದು ಆಪರೇಟರ್ ತಪ್ಪು, ವೈರಿಂಗ್ ತಪ್ಪಲ್ಲ.

ಫೇಡರ್_ಮಾಮ
ಆಪರೇಟರ್ ತಪ್ಪು ಮಾಡಿಯೇ ಮಾಡ್ತಾನೆ ಅಂದ್ಕೊಂಡೇ ವೈರಿಂಗ್ ಮಾಡಬೇಕು. ಲೈವ್ ಮಿಕ್ಸಿಗೆ ಬೇರೆ ಮನುಷ್ಯ, ಬೇರೆ ಕೋಣೆ, ಹೆಡ್‌ಫೋನು ಎಲ್ಲ ಇದ್ರೆ ಪ್ರೀ-ಫೇಡರ್ ಇಟ್ಕೊಳ್ಳಿ, ನನ್ನ ತಕರಾರಿಲ್ಲ.

ಮರಿಯಕ್ಕ_ಎಡಿಟಿಂಗ್
ಇಬ್ಬರೂ ಮೊದಲು ಮಿಕ್ಸರ್ ಮೇಲಿನ ಅಕ್ಷರ ಓದಿ 😀 ಸಣ್ಣ ಮಿಕ್ಸರ್‌ಗಳಲ್ಲಿ ಆಕ್ಸ್ 1 ಪ್ರೀ, ಎಫೆಕ್ಟ್ಸ್ ಅಂತ ಬರೆದಿರೋ ಆಕ್ಸ್ 2 ಪೋಸ್ಟ್ ಅಂತ ಫ್ಯಾಕ್ಟರಿಯಲ್ಲೇ ಕೂರಿಸಿರೋದು ಜಾಸ್ತಿ. ಬದಲಿಸೋ ಬಟನ್ನೇ ಇರಲ್ಲ. ಹಿಂದಿನ_ಸಾಲು ಅವರದ್ದರಲ್ಲಿ ಮಾನಿಟರ್ 1ಕ್ಕೆ ಹೋಗಿದ್ರೆ ಉಳಿದಿರೋದು ಪೋಸ್ಟೇ ಇರಬಹುದು. ಜಗಳ ಅಲ್ಲಿಗೆ ಮುಗೀತು.

ಹಿಂದಿನ_ಸಾಲು
ನೋಡಿದೆ, ಎಫೆಕ್ಟ್ಸ್ ಆಕ್ಸೇ ಖಾಲಿ ಇರೋದು. ಕೇಬಲ್ ಕೊಟ್ಟು ನೋಡಿದ್ವಿ, ಮಾತು ಸ್ಪಷ್ಟ. ಆದ್ರೆ ಒಂದೇ ಸಮ ‘ಹೂಂ’ ಅಂತ ಸದ್ದು ಬರ್ತಿದೆ. ಸಭೆಯವರು ಹಾಡೋದೂ ಕೇಳಿಸ್ತಿಲ್ಲ, ಖಾಲಿ ಕೋಣೆಯಲ್ಲಿ ಪ್ರಸಂಗ ಮಾಡಿದ ಹಾಗಿದೆ.

ಸ್ತುತಿಧ್ವನಿ
ಹೂಂ ಅನ್ನೋದು ಗ್ರೌಂಡ್ ಲೂಪ್, ಎರಡು ಸಾಧನದ ಅರ್ಥ್ ಸುತ್ತು ಹಾಕಿಕೊಂಡಾಗ ಬರೋ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಅದೇ ಅಂತ ಖಾತ್ರಿ. ಮಿಕ್ಸರ್ ಮತ್ತು ಇಂಟರ್‌ಫೇಸ್ ನಡುವೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ (ತಂತಿಯ ಸಂಪರ್ಕ ಕಡಿದು ಧ್ವನಿ ಮಾತ್ರ ದಾಟಿಸೋದು) ಅಥವಾ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ ಹಾಕಿ, ಮಿಕ್ಸರ್ ಲ್ಯಾಪ್‌ಟಾಪ್ ಎರಡಕ್ಕೂ ಒಂದೇ ಪ್ಲಗ್ ಬೋರ್ಡಿನಿಂದ ಕರೆಂಟ್ ಕೊಡಿ. ಡಿಐ ಬಾಕ್ಸಿನಿಂದ ಹೊರಬರೋದು ಮೈಕ್ ಲೆವೆಲ್, ಆಗ ಇಂಟರ್‌ಫೇಸಲ್ಲಿ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಮೈಕ್ ಇನ್‌ಪುಟ್ಟಿಗೇ ಕೊಡಬೇಕು.

ಪ್ಲಗ್‌ನ ಅರ್ಥ್ ಪಿನ್ ಮುರಿದು ಹೂಂಕಾರ ನಿಲ್ಲಿಸೋ ಬುದ್ಧಿವಂತರು ಎಲ್ಲ ಕಡೆ ಇರ್ತಾರೆ. ದಯವಿಟ್ಟು ಬೇಡ. ಕಬ್ಬಿಣದ ಮೈಕ್ ಸ್ಟ್ಯಾಂಡ್ ಹಿಡಿದು ಹಾಡೋರ ಪ್ರಾಣದ ಪ್ರಶ್ನೆ ಅದು.

ಗಂಟೆಗೋಪುರ
ಸಭೆಯ ಹಾಡು ಕೇಳಬೇಕಾದ್ರೆ ಆಂಬಿಯನ್ಸ್ ಮೈಕ್ ಒಂದು ಬೇಕು. ವೇದಿಕೆಯ ಅಂಚಲ್ಲಿ ಎತ್ತರಕ್ಕೆ ಇಟ್ಟು ಜನರ ಕಡೆ ತಿರುಗಿಸಿ, ಸ್ಪೀಕರ್‌ಗೆ ಅದರ ಬೆನ್ನು ಇರಲಿ. ಮಿಕ್ಸರ್‌ನ ಒಂದು ಚಾನೆಲ್‌ಗೆ ಹಾಕಿ ಲೈವ್‌ಗೆ ಮಾತ್ರ ಕಳಿಸಬೇಕು, ಹಾಲ್ ಸ್ಪೀಕರ್‌ಗೆ ಹೋಗಲೇಬಾರದು, ಹೋದ್ರೆ ಕೀಂಯ್. ಈಗ ಬಂತು ನೋಡಿ ಫೇಡರ್_ಮಾಮನ ಪೋಸ್ಟ್-ಫೇಡರ್ ತಾಪತ್ರಯ: ಫೇಡರ್ ಕೆಳಗಿಟ್ರೆ ಲೈವ್‌ಗೂ ಹೋಗಲ್ಲ!

ಫೇಡರ್_ಮಾಮ
ಅದಕ್ಕೂ ದಾರಿ ಇದೆ ಮಹರಾಯ. ಯುಎಸ್‌ಬಿ ಇಂಟರ್‌ಫೇಸಲ್ಲಿ ಎರಡು ಇನ್‌ಪುಟ್ ಇದೆಯಲ್ಲ. ಒಂದಕ್ಕೆ ಆಕ್ಸ್, ಇನ್ನೊಂದಕ್ಕೆ ಆಂಬಿಯನ್ಸ್ ಮೈಕ್ ಸೀದಾ. ಮಿಕ್ಸರ್ ಮುಟ್ಟೋದೇ ಬೇಡ. ಕಂಡೆನ್ಸರ್ ಮೈಕಾದ್ರೆ 48 ವೋಲ್ಟ್ ಬೇಕು. ಆ ಬಟನ್ ಎರಡೂ ಇನ್‌ಪುಟ್‌ಗೆ ಒಂದೇ ಆಗಿದ್ರೆ ಡೈನಮಿಕ್ ಮೈಕ್ ಹಾಕಿ, ತಲೆನೋವಿಲ್ಲ. ಓಬಿಎಸ್‌ನಲ್ಲಿ (ಲ್ಯಾಪ್‌ಟಾಪಿಂದ ಲೈವ್ ಕಳಿಸೋ ಸಾಫ್ಟ್‌ವೇರ್) ಎರಡನ್ನೂ ಮೋನೋ ಮಾಡಿ, ಇಲ್ಲಾಂದ್ರೆ ಎಡಕಿವಿಗೆ ಪಾಸ್ಟರ್, ಬಲಕಿವಿಗೆ ಸಭೆ.

ಲೆವೆಲ್ಲು: ಹಾಡಿನಲ್ಲಿ ಆಂಬಿಯನ್ಸ್ ಇದೆ ಅಂತ ಗೊತ್ತಾಗಬೇಕು, ಪ್ರಸಂಗದಲ್ಲಿ ಗೊತ್ತಾಗಬಾರದು. ಆ ಮೈಕು ವೇದಿಕೆಯಿಂದ ದೂರ ಇಟ್ರೆ ಪ್ರತಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ತಡ. 15 ಮೀಟರ್ ಹಿಂದೆ ಇಟ್ರೆ 44 ಮಿಲಿಸೆಕೆಂಡ್, ಚಪ್ಪಾಳೆ ಎರಡು ಸಲ ಕೇಳುತ್ತೆ. ಅದಕ್ಕೇ ಮುಂದೆ ಇಡಿ ಅನ್ನೋದು.

ಯುವಸಂಘ_ಟೆಕ್
ಓಬಿಎಸ್ ಅಂದ ಮೇಲೆ ನನ್ನದೂ ಸೇರಿಸ್ತೀನಿ. ಮಾತಿನ ಪೀಕ್ -12ರಿಂದ -6 ಡೆಸಿಬೆಲ್ ಒಳಗೆ ಕುಣೀತಾ ಇರಲಿ. ಫಿಲ್ಟರ್‌ನಲ್ಲಿ ಕಂಪ್ರೆಸರ್ (ಜೋರು ಧ್ವನಿ ತಗ್ಗಿಸೋದು) 3:1, ಥ್ರೆಶೋಲ್ಡ್ -18, ಕೊನೆಗೆ ಲಿಮಿಟರ್ (ಮಿತಿ ದಾಟದ ಹಾಗೆ ತಡೆಯೋದು) -3. ಈ ಕ್ರಮದಲ್ಲೇ. ಸ್ಯಾಂಪಲ್ ರೇಟ್ ಓಬಿಎಸ್‌ನಲ್ಲೂ ವಿಂಡೋಸ್‌ನಲ್ಲೂ 48 ಕಿಲೋಹರ್ಟ್ಸ್ ಇಡಿ. ಒಂದು ಕಡೆ 44.1, ಇನ್ನೊಂದು ಕಡೆ 48 ಅಂತಿದ್ರೆ ಟಿಕ್ ಟಿಕ್ ಶಬ್ದ ಬರಬಹುದು, ಆರಾಧನೆ ಉದ್ದವಾದಂತೆ ತುಟಿಗೂ ಮಾತಿಗೂ ಅಂತರ ಬೆಳೆಯಬಹುದು.

ನಾಯ್ಸ್ ಸಪ್ರೆಶನ್ ಮಾತ್ರ ಹಾಡಿನ ಹೊತ್ತಿಗೆ ಹಾಕಬೇಡಿ. ಅದು ಮನುಷ್ಯರ ಮಾತು ಉಳಿಸಿ ಉಳಿದದ್ದನ್ನ ನುಂಗೋದಕ್ಕೆ ಮಾಡಿದ್ದು. ಕೀಬೋರ್ಡು ನೀರಲ್ಲಿ ಮುಳುಗಿ ಏಳ್ತಿರುತ್ತೆ.

ಕೊನೆಯ_ಆಮೆನ್
ಧ್ವನಿ ಬಾಯಿಗಿಂತ ಮುಂಚೆ ಬರೋದಕ್ಕೆ ಏನು ಮಾಡೋದು? ಕ್ಯಾಮೆರಾ ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾ ಚಿತ್ರವನ್ನ ಲ್ಯಾಪ್‌ಟಾಪ್‌ಗೆ ಒಯ್ಯೋ ಸಾಧನ) ಮೂಲಕ ಬರ್ತಿದೆ.

ಯುವಸಂಘ_ಟೆಕ್
ಚಿತ್ರ ಕಾರ್ಡಿನಲ್ಲಿ ಸುತ್ತಿ ಬರೋದ್ರಿಂದ ತಡ, ಧ್ವನಿ ಸೀದಾ ಬರುತ್ತೆ. ಕ್ಯಾಮೆರಾ ಮುಂದೆ, ಮೈಕಿನ ಹತ್ತಿರ ನಿಂತು ಚಪ್ಪಾಳೆ ತಟ್ಟಿ, ಓಬಿಎಸ್‌ನಲ್ಲಿ ರೆಕಾರ್ಡ್ ಮಾಡಿ. ಎಡಿಟರ್‌ನಲ್ಲಿ ಕೈ ಸೇರಿದ ಫ್ರೇಮಿಗೂ ಶಬ್ದದ ಮೊನೆಗೂ ಎಷ್ಟು ಫ್ರೇಮ್ ಅಂತರ ಅಂತ ಎಣಿಸಿ. ಸೆಕೆಂಡಿಗೆ 30 ಫ್ರೇಮಾದ್ರೆ ಒಂದಕ್ಕೆ 33 ಮಿಲಿಸೆಕೆಂಡ್. ಐದು ಫ್ರೇಮ್ ಅಂದ್ರೆ 165. ಅಷ್ಟನ್ನ ‘ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್’ನಲ್ಲಿ ಸಿಂಕ್ ಆಫ್‌ಸೆಟ್ ಆಗಿ ಹಾಕಿ. ಆಂಬಿಯನ್ಸ್ ಬೇರೆ ಸೋರ್ಸ್ ಆಗಿದ್ರೆ ಅದಕ್ಕೂ ಅಷ್ಟೇ ಹಾಕಬೇಕು, ಮರೀಬೇಡಿ.

ಒಲಿವ್‌ಗುಡ್ಡ
ನಾನು ಎದುರು ಮಾತಾಡ್ತೀನಿ, ಬೈಬೇಡಿ. ಇಷ್ಟೆಲ್ಲ ಒದ್ದಾಡಿ ಲೈವೇ ಯಾಕೆ? ಪ್ರಸಂಗವನ್ನ ಧ್ವನಿ ಮಾತ್ರ ರೆಕಾರ್ಡ್ ಮಾಡಿ, ಹಿಂದೆ ಮುಂದೆ ಕತ್ತರಿಸಿ ಸಂಜೆ ಕಳಿಸಿ. ಮೋನೋ ಎಂಪಿ3, ಸೆಕೆಂಡಿಗೆ 64 ಕಿಲೋಬಿಟ್ ಇಟ್ರೆ 30 ನಿಮಿಷಕ್ಕೆ ಹದಿನಾಲ್ಕೂವರೆ ಎಂಬಿಗಿಂತ ಕಮ್ಮಿ. ಅದೇ 90 ನಿಮಿಷದ ವಿಡಿಯೋ 2.5 ಮೆಗಾಬಿಟ್‌ನಲ್ಲಿ ಬಂದ್ರೆ ಸುಮಾರು 1.7 ಜಿಬಿ. ಡೇಟಾ ಕಮ್ಮಿ ಇರೋರಿಗೆ, ಅಡುಗೆ ಮಾಡ್ತಾ ಕೇಳೋರಿಗೆ, ಕಣ್ಣು ಮಂಜಾಗಿರೋ ಹಿರಿಯರಿಗೆ ಆಡಿಯೋನೇ ತಲುಪೋದು.

ಮರಿಯಕ್ಕ_ಎಡಿಟಿಂಗ್
ಅರ್ಧ ಒಪ್ಪಿದೆ. ಹಾಸಿಗೆ ಹಿಡಿದೋರಿಗೆ ‘ಈಗ ಎಲ್ಲರ ಜೊತೆ ಪ್ರಾರ್ಥಿಸ್ತಿದ್ದೀನಿ’ ಅನ್ನೋದು ರೆಕಾರ್ಡಿಂಗಿನಲ್ಲಿ ಸಿಗಲ್ಲ. ಶವಸಂಸ್ಕಾರಕ್ಕೆ ಬರಲಾಗದ ದೂರದ ಮಕ್ಕಳಿಗೂ ಲೈವೇ ಬೇಕು. ಹೊಸಬರು ಹುಡುಕಿಕೊಂಡು ಬಂದಾಗ ಮಾತ್ರ 90 ನಿಮಿಷದ ಲೈವ್ ಯಾರೂ ನೋಡಲ್ಲ. ಅವರಿಗೆ ಪ್ರಸಂಗದಿಂದ 60-90 ಸೆಕೆಂಡಿನ ತುಣುಕು, ಉದ್ದುದ್ದ 1080×1920, ಕೆಳಗೆ ಕನ್ನಡ ಸಬ್‌ಟೈಟಲ್. ‘ಪ್ರಿಯರೇ, ಇಂದಿನ ದಿನ...’ ಅನ್ನೋ ಪೀಠಿಕೆ ಕತ್ತರಿಸಿ, ಪ್ರಶ್ನೆ ಕೇಳೋ ವಾಕ್ಯದಿಂದ ಶುರು ಮಾಡಿ. ವಾಕ್ಯಭಾಗದ ಅಧ್ಯಾಯ, ವಚನ ತೆರೆ ಮೇಲೆ ಬರಲಿ. ಸಂದರ್ಭ ತಪ್ಪಿಸಿ ಕತ್ತರಿಸಿದ್ರೆ ಪಾಸ್ಟರ್ ಹೇಳದೇ ಇದ್ದದ್ದು ಹೇಳಿದ ಹಾಗಾಗುತ್ತೆ, ಅವರಿಗೆ ತೋರಿಸದೆ ಹಾಕಬೇಡಿ.

ಒಲಿವ್‌ಗುಡ್ಡ
ಅರ್ಧ ಒಪ್ಪಿದ್ದಕ್ಕೆ ಅರ್ಧ ಧನ್ಯವಾದ ಅಕ್ಕ 😄

ಕೇಬಲ್_ಕಟ್ಟು
ಇಂಟರ್ನೆಟ್ ಬಗ್ಗೆ ಯಾರೂ ಹೇಳಲಿಲ್ಲ. ವೈಫೈ ಬಿಡಿ, ರೌಟರ್‌ನಿಂದ ಲ್ಯಾಪ್‌ಟಾಪ್‌ಗೆ ಈಥರ್ನೆಟ್ ಕೇಬಲ್ ಎಳೀರಿ. ಖಾಲಿ ಚರ್ಚಲ್ಲಿ ಶನಿವಾರ ಸಂಜೆ ಸ್ಪೀಡ್ ಟೆಸ್ಟ್ ಮಾಡಿದ್ರೆ ಪ್ರಯೋಜನ ಇಲ್ಲ. ಆರಾಧನೆ ನಡೀತಿರೋವಾಗ, ಜನರ ಫೋನೆಲ್ಲ ಅದೇ ವೈಫೈಯಲ್ಲಿ ಇರೋವಾಗ ನೋಡಿ. ಆಗ ಸಿಗೋ ಅಪ್‌ಲೋಡ್ ವೇಗದ ಅರ್ಧಕ್ಕಿಂತ ಜಾಸ್ತಿ ಬಿಟ್‌ರೇಟ್ (ಸೆಕೆಂಡಿಗೆ ಕಳಿಸೋ ಡೇಟಾ) ಇಡಬೇಡಿ. 720ಪಿ, 30 ಫ್ರೇಮಿಗೆ ಯೂಟ್ಯೂಬ್ ಹೇಳೋದು 4 ಮೆಗಾಬಿಟ್. ಹೆಚ್ಚು ಅಲ್ಲಾಡದ ಪ್ರಸಂಗಪೀಠದ ಚಿತ್ರಕ್ಕೆ 2.5 ಸಾಕು. ಕೀಫ್ರೇಮ್ (ಇಡೀ ಚಿತ್ರ ಹೊಸದಾಗಿ ಕಳಿಸೋ ಫ್ರೇಮ್) ಇಂಟರ್ವಲ್ 2 ಸೆಕೆಂಡ್. ರೇಟ್ ಕಂಟ್ರೋಲ್ ಸಿಬಿಆರ್ (ಬಿಟ್‌ರೇಟ್ ಸದಾ ಒಂದೇ). ಲೈವ್ ಜೊತೆಗೇ ಲ್ಯಾಪ್‌ಟಾಪಲ್ಲಿ ರೆಕಾರ್ಡ್ ಕೂಡ ಮಾಡಿ, ಎಂಪಿ4ನಲ್ಲಿ ಅಲ್ಲ, ಎಂಕೆವಿಯಲ್ಲಿ. ಕರೆಂಟ್ ಹೋದ್ರೆ ಸಾದಾ ಎಂಪಿ4 ಫೈಲು ತೆರೆಯೋದೇ ಇಲ್ಲ, ಎಂಕೆವಿ ಹೋದಷ್ಟರವರೆಗೆ ಉಳಿಯುತ್ತೆ.

ಕೊನೆಯ_ಆಮೆನ್
ಫೋನಿಂದ ಲೈವ್ ಬಟನ್ನೇ ಕಾಣದೆ ಗಾಬರಿಯಾಗೋ ಹೊಸ ಚಾನೆಲ್‌ನವರಿಗೆ: ಫೋನ್ ಆಪ್‌ನಿಂದ ಲೈವ್ ಹೋಗೋಕೆ 50 ಸಬ್‌ಸ್ಕ್ರೈಬರ್ ಬೇಕು. ಓಬಿಎಸ್‌ನಿಂದಾದ್ರೆ ಆ ಮಿತಿ ಇಲ್ಲ. ಮೊದಲ ಸಲ ಲೈವ್ ಶುರು ಮಾಡೋಕೆ ಅನುಮತಿ ಸಿಗಲು 24 ಗಂಟೆವರೆಗೂ ಹಿಡಿಯುತ್ತೆ. ಕ್ರಿಸ್ಮಸ್ ದಿನ ಬೆಳಗ್ಗೆ ಚಾನೆಲ್ ತೆರೆದ್ರೆ ಹೊಸ ವರ್ಷದ ಆರಾಧನೆಗೆ ಸರಿಹೋಗುತ್ತೆ.

ಲಿಪಿಕಾರ
ಪ್ರೊಜೆಕ್ಟರ್ ಬಗ್ಗೆ. ಹಾಡಿನ ಪುಸ್ತಕ ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪಾಗಿದ್ರೆ ಅದನ್ನ ಹಾಗೇ ಹಾಡು ತೆರೆಗೆ ಹಾಕೋ ಓಪನ್‌ಎಲ್‌ಪಿಗೋ ಫ್ರೀಶೋಗೋ ಅಂಟಿಸಬೇಡಿ. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಲ್ಲಿ ತೆರೆದ್ರೆ ಬರೀ ರೋಮನ್ ಕಸ ಕಾಣುತ್ತೆ, ಹುಡುಕಿದ್ರೆ ಒಂದು ಹಾಡೂ ಸಿಗಲ್ಲ. ಒಂದು ಸಲ ಕೂತು ಯುನಿಕೋಡ್‌ಗೆ ಬದಲಿಸಿ. ಪರಿವರ್ತಕಗಳು ಎಡವೋದು ಒತ್ತಕ್ಷರ, ಅರ್ಕಾವೊತ್ತು ಬಂದಲ್ಲಿ. ‘ಸ್ತೋತ್ರ’, ‘ಕ್ರಿಸ್ತ’, ‘ಸ್ವರ್ಗ’, ‘ಆತ್ಮ’ ಈ ನಾಲ್ಕನ್ನ ಹುಡುಕಿ ನೋಡಿದ್ರೆ ಬಹುಪಾಲು ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

ಫಾಂಟ್ ನೋಟೋ ಸಾನ್ಸ್ ಕನ್ನಡ, ಬೋಲ್ಡ್. ಒಂದು ಸ್ಲೈಡಿಗೆ ನಾಲ್ಕೇ ಸಾಲು. ಸಾಲಿನ ಅಂತರ ಒಂದೂವರೆ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಸಾಲು ಮುರಿಯೋದು ಹಾಡೋರು ಉಸಿರು ತಗೊಳ್ಳೋ ಜಾಗದಲ್ಲಿ. ಸ್ಲೈಡ್ ಬದಲಿಸೋದು ಕೊನೇ ಸಾಲು ಮುಗಿದ ಮೇಲಲ್ಲ, ಅದರ ಕೊನೇ ಪದ ಹಾಡ್ತಿರೋವಾಗಲೇ.

ಇನ್ನೊಂದು. ಓಬಿಎಸ್‌ನಲ್ಲಿ ಕನ್ನಡ ಹಾಕೋವಾಗ ‘ಫ್ರೀಟೈಪ್ 2’ ಸೋರ್ಸ್ ಬಳಸಿದ್ರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತೆ, ಅಕ್ಷರ ಜೋಡಿಸೋ ಕೆಲಸ ಅದಕ್ಕೆ ಬರಲ್ಲ. ವಿಂಡೋಸ್ ಆದ್ರೆ ‘ಜಿಡಿಐ+’ ಟೆಕ್ಸ್ಟ್, ಬೇರೆ ಕಡೆ ಬ್ರೌಸರ್ ಸೋರ್ಸ್.

ಹಿಂದಿನ_ಸಾಲು
ಓ! ‘ಸ್ತುತಿ’ ಯಾಕೆ ಒಡೆದು ಕಾಣ್ತಿತ್ತು ಅಂತ ಈಗ ಗೊತ್ತಾಯ್ತು. ಫಾಂಟನ್ನ ಬೈತಿದ್ವಿ.

ಬೆಳಕಿನ_ಕಿಂಡಿ
ಸ್ಲೈಡ್ ಬಣ್ಣವೂ ಮುಖ್ಯ. ಕ್ಯಾಮೆರಾ ಚೌಕಟ್ಟಿನಲ್ಲಿ ಪರದೆ ಬರೋ ಹಾಗಿದ್ರೆ ಬಿಳಿ ಹಿನ್ನೆಲೆ ಬೇಡವೇ ಬೇಡ. ಬಿಳಿ ಸ್ಲೈಡ್ ಬಂದ ತಕ್ಷಣ ಫೋನು ಎಕ್ಸ್‌ಪೋಷರ್ ಇಳಿಸುತ್ತೆ, ಪಾಸ್ಟರ್ ಮುಖ ಕಪ್ಪು. ಕಡು ನೀಲಿ ಅಥವಾ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಫೋನಾದ್ರೆ ಮುಖದ ಮೇಲೆ ಒತ್ತಿಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಪೀಠದ ಹಿಂದೆ ಕಿಟಕಿ ಇದ್ರೆ ದಪ್ಪ ಪರದೆ ಹಾಕೋದು ಎಲ್ಲಾ ಲೆನ್ಸಿಗಿಂತ ಒಳ್ಳೇದು. ಚಿತ್ರದಲ್ಲಿ ಪಟ್ಟೆ ಪಟ್ಟೆ ಅಲೆ ಬಂದ್ರೆ ಶಟರ್: 50 ಹರ್ಟ್ಸ್ ಕರೆಂಟಿಗೆ 1/50 ಅಥವಾ 1/100, 60 ಹರ್ಟ್ಸ್ ಆದ್ರೆ 1/60 ಅಥವಾ 1/120.

ಗಂಟೆಗೋಪುರ
ಹಾಡಿನ ಹಕ್ಕುಸ್ವಾಮ್ಯ ಮರೀಬೇಡಿ. ಪುರಾತನ ಕೀರ್ತನೆಯ ರಚನೆಗೆ ಹಕ್ಕು ಮುಗಿದಿರಬಹುದು, ಅದರ ಮೇಲೆ ನಿನ್ನೆ ಮೊನ್ನೆ ಮಾಡಿದ ಟ್ರ್ಯಾಕಿಗೆ ಮುಗಿದಿಲ್ಲ. ಕರಾವೊಕೆ ಟ್ರ್ಯಾಕ್ ಹಾಕಿ ಹಾಡಿದ್ರೆ ಯೂಟ್ಯೂಬಿನ ಕಂಟೆಂಟ್ ಐಡಿ (ಹಕ್ಕಿರೋ ಧ್ವನಿ ತಾನೇ ಗುರುತಿಸೋ ವ್ಯವಸ್ಥೆ) ಹಿಡಿಯುತ್ತೆ. ಲೈವ್ ನಡೀತಿರೋವಾಗಲೇ ನಿಂತೂ ಹೋಗಬಹುದು. ಸಭೆಯೊಳಗೆ ಹಾಡೋಕೆ ಇರೋ ಪರವಾನಗಿ ಲೈವ್‌ಗೆ ತಾನಾಗಿ ಅನ್ವಯಿಸಲ್ಲ, ಸಿಸಿಎಲ್‌ಐನಲ್ಲೂ (ಚರ್ಚ್ ಹಾಡುಗಳಿಗೆ ಪರವಾನಗಿ ಕೊಡೋ ಸಂಸ್ಥೆ) ಸ್ಟ್ರೀಮಿಂಗ್ ಲೈಸೆನ್ಸ್ ಬೇರೆಯೇ. ಬೈಬಲ್ ಅನುವಾದಗಳಿಗೂ ಪ್ರಕಾಶಕರ ಹಕ್ಕಿರುತ್ತೆ. ಒಂದೆರಡು ವಚನ ತೋರಿಸೋದು ಬೇರೆ, ಇಡೀ ಪುಸ್ತಕ ಆಡಿಯೋ ಮಾಡಿ ಹಾಕೋದು ಬೇರೆ.

ಯುವಸಂಘ_ಟೆಕ್
ಕ್ಲೇಮ್ ಬಂದ್ರೆ ಚಾನೆಲ್ ಹೋಯ್ತು ಅಂತ ಅಳಬೇಡಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಆದ್ರೆ ಜಾಹೀರಾತಿನ ಹಣ ಅವರಿಗೆ ಹೋಗಬಹುದು, ಅಥವಾ ಆ ವಿಡಿಯೋ ಕೆಲವೆಡೆ ಕಾಣದಿರಬಹುದು. 90 ದಿನದೊಳಗೆ ಮೂರು ಸ್ಟ್ರೈಕ್ ಆದ್ರೆ ಚಾನೆಲ್ಲಿಗೇ ಕುತ್ತು.

ನಡುಮನೆ
ವಾಟ್ಸಾಪ್ ಕೇಳಿದ್ರಲ್ಲ. ಪ್ರಕಟಣೆಗೆ ಗ್ರೂಪ್ ಬಳಸಿದ್ರೆ ಒಂದು ಮರಣದ ಸುದ್ದಿ ಕೆಳಗೆ ನಲವತ್ತು ಕೈಮುಗಿದ ಚಿತ್ರ, ಆ ಮೇಲೆ ಬಂದ ಆರಾಧನೆಯ ಸಮಯ ಬದಲಾವಣೆ ಯಾರಿಗೂ ಕಾಣಲ್ಲ. ‘ಅಡ್ಮಿನ್ ಮಾತ್ರ ಕಳಿಸಬಹುದು’ ಅಂತ ಮಾಡಿ, ಹರಟೆಗೆ ಬೇರೆ ಗ್ರೂಪ್. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪೋದು. ‘ನನಗೆ ಬಂದಿಲ್ಲ’ ಅನ್ನೋರಲ್ಲಿ ಬಹಳ ಮಂದಿ ಇವರೇ. ಹೊರಗಿನವರಿಗೂ ತಲುಪಬೇಕು, ಒಬ್ಬರ ನಂಬರ್ ಒಬ್ಬರಿಗೆ ಕಾಣಬಾರದು ಅಂದ್ರೆ ವಾಟ್ಸಾಪ್ ಚಾನೆಲ್.

ಸಂದೇಶ ಪೋಸ್ಟರ್ ಚಿತ್ರವಾಗಿ ಮಾತ್ರ ಕಳಿಸಬೇಡಿ. ಚಿತ್ರದೊಳಗಿನ ದಿನಾಂಕ ಹುಡುಕಿದ್ರೆ ಸಿಗಲ್ಲ, ಕಣ್ಣು ಕಾಣದವರ ಫೋನು ಓದಿ ಹೇಳಲ್ಲ. ಅದರ ಕೆಳಗೆ ಅಕ್ಷರದಲ್ಲೂ ಬರೀರಿ: ಏನು, ಯಾವಾಗ, ಎಲ್ಲಿ, ಯಾರನ್ನ ಕೇಳಬೇಕು.

ಮರಿಯಕ್ಕ_ಎಡಿಟಿಂಗ್
ಇದಕ್ಕಿಂತ ಗಂಭೀರವಾದದ್ದು ಖಾಸಗಿತನ. ಪ್ರಾರ್ಥನಾ ವಿನಂತಿ ಓದೋವಾಗ ಹೆಸರು, ಆಸ್ಪತ್ರೆ, ಕಾಯಿಲೆ ಎಲ್ಲ ಲೈವಲ್ಲಿ ಹೊರಟುಹೋಗುತ್ತೆ. ಸಭೆಯೊಳಗೆ ಅದು ಅಕ್ಕರೆ, ಇಂಟರ್ನೆಟ್‌ನಲ್ಲಿ ಊರಿಗೆಲ್ಲ ಡಂಗುರ. ಆ ಹತ್ತು ನಿಮಿಷ ‘ಪ್ರಾರ್ಥನೆಯ ಸಮಯ’ ಅನ್ನೋ ಸ್ಲೈಡ್ ಹಾಕಿ ಧ್ವನಿ ಮ್ಯೂಟ್ ಮಾಡಿ, ಓಬಿಎಸ್‌ನಲ್ಲಿ ಅದಕ್ಕೊಂದು ಸೀನ್, ಒಂದು ಹಾಟ್‌ಕೀ ಇಡಿ. ಸಾಕ್ಷಿ ಹೇಳೋರನ್ನ ಮುಂಚೆಯೇ ಕೇಳಿ. ಕ್ಯಾಮೆರಾಗೆ ಬೀಳದ ಒಂದೆರಡು ಸಾಲು ಗುರುತಿಸಿ ಬಾಗಿಲಲ್ಲೇ ಬರೆದಿಡಿ. ಸಂಡೇ ಸ್ಕೂಲ್ ಮಕ್ಕಳ ಮುಖ ಹತ್ತಿರದಿಂದ ತೋರಿಸೋಕೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಲಿ, ಹೆಸರು ಶೀರ್ಷಿಕೆಯಲ್ಲಿ ಬೇಡ.

ಹಳೇ_ರೇಡಿಯೋ
ವಿಷಯಾಂತರ, ಕ್ಷಮಿಸಿ. ಪಿಟ್ಸ್‌ಬರ್ಗ್‌ನ ಕೆಡಿಕೆಎ ರೇಡಿಯೋ 1921ರ ಜನವರಿ 2ರಂದು ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನಿಂದ ಆರಾಧನೆ ಪ್ರಸಾರ ಮಾಡ್ತು. ತಂತ್ರಜ್ಞರು ಜನರ ಗಮನ ಸೆಳೆಯಬಾರದು ಅಂತ ಅವರಿಗೆ ಗಾನವೃಂದದ ನಿಲುವಂಗಿ ತೊಡಿಸಿ ನಿಲ್ಲಿಸಿದ್ರಂತೆ. ಈಗ ಪ್ರಭುಭೋಜನದ ಹೊತ್ತಿಗೆ ಗಿಂಬಲ್ ಹಿಡಿದು ಪೀಠದ ಸುತ್ತ ಓಡೋರಿಗೆ ಇದನ್ನ ಯಾರಾದ್ರೂ ಹೇಳಿ.

ಬೆಳಕಿನ_ಕಿಂಡಿ
ಹೇಳಿದ್ರೆ ನಿಲುವಂಗಿ ಹಾಕ್ಕೊಂಡು ಓಡ್ತಾರೆ ಅಷ್ಟೇ.

ಒಲಿವ್‌ಗುಡ್ಡ
😂

ಕೇಬಲ್_ಕಟ್ಟು
ಕೀಲಿಕೈ ವಿಚಾರ ಉಳೀತು. ಚಾನೆಲ್ ಯಾರೋ ಹುಡುಗನ ಸ್ವಂತ ಜಿಮೇಲ್‌ನಲ್ಲಿರುತ್ತೆ, ಅವನು ಕೆಲಸಕ್ಕೆ ಬೇರೆ ಊರಿಗೆ ಹೋದ ಮೇಲೆ ಪಾಸ್‌ವರ್ಡೂ ಹೋಯ್ತು, ಓಟಿಪಿ ಅವನ ಫೋನಿಗೇ. ಸಭೆಯ ಹೆಸರಲ್ಲೇ ಖಾತೆ ತೆರೆದು, ಯೂಟ್ಯೂಬ್ ಸ್ಟುಡಿಯೋದ ಪರ್ಮಿಶನ್ಸ್‌ನಲ್ಲಿ ಸ್ವಯಂಸೇವಕರನ್ನ ಮ್ಯಾನೇಜರ್ ಅಥವಾ ಎಡಿಟರ್ ಆಗಿ ಸೇರಿಸಿ. ಪಾಸ್‌ವರ್ಡ್ ಯಾರಿಗೂ ಕೊಡೋದೇ ಬೇಡ, ಬಿಟ್ಟುಹೋದವರನ್ನ ಪಟ್ಟಿಯಿಂದ ತೆಗೆದ್ರಾಯ್ತು. ಎರಡು ಹಂತದ ಪರಿಶೀಲನೆ ಹಾಕಿ, ಬ್ಯಾಕಪ್ ಕೋಡು ಮುದ್ರಿಸಿ ಸಭೆಯ ದಾಖಲೆಗಳ ಜೊತೆ ಇಡಿ. ಓಬಿಎಸ್ ಸೆಟ್ಟಿಂಗ್ ಫೋಟೋ ತೆಗೆದು ಇಲ್ಲಿ ಹಾಕೋರು ಸ್ಟ್ರೀಮ್ ಕೀ ಕಾಣದ ಹಾಗೆ ನೋಡ್ಕೊಳ್ಳಿ. ಆ ಕೀ ಸಿಕ್ಕಿದವನು ನಿಮ್ಮ ಚಾನೆಲ್‌ನಲ್ಲಿ ತನಗೆ ಬೇಕಾದ್ದು ಓಡಿಸಬಹುದು.

ನಡುಮನೆ
ಲೈವ್ ಚಾಟಿನಲ್ಲಿ ಕಾಣಿಕೆ ಕ್ಯೂಆರ್ ಅಂತ ಲಿಂಕ್ ಹಾಕೋ ಕಳ್ಳರೂ ಇದ್ದಾರೆ. ಚಾಟಿನಲ್ಲಿ ಲಿಂಕ್ ಬ್ಲಾಕ್ ಮಾಡಿ, ಒಬ್ಬರನ್ನ ಮಾಡರೇಟರ್ ಆಗಿ ಕೂರಿಸಿ.

ಹಿಂದಿನ_ಸಾಲು
ಎಲ್ಲರಿಗೂ ತುಂಬ ಧನ್ಯವಾದ. ಕ್ಯಾಮೆರಾ ಕೈಬಿಟ್ಟಿದ್ದೀವಿ, ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಮತ್ತು ಆಂಬಿಯನ್ಸ್ ಮೈಕು ತರ್ತೀವಿ. ಕೊನೇ ಪ್ರಶ್ನೆ: ಪಾಸ್ಟರ್ ಕಾಲರ್ ಮೈಕು ನಡುನಡುವೆ ಕರಕರ ಅನ್ನುತ್ತೆ, ಬ್ಯಾಟರಿ ಹೊಸದೇ.

ಸ್ತುತಿಧ್ವನಿ
ಮೂರು ನೋಡಿ. ಮೈಕು ಬಟ್ಟೆಗೆ, ಬೈಬಲ್ ಹಿಡಿದ ಕೈಗೆ ಉಜ್ಜುತ್ತಾ? ಗದ್ದದಿಂದ ಒಂದು ಗೇಣು ಕೆಳಗೆ, ಬಟ್ಟೆಯ ಹೊರಗೆ ಸಿಗಿಸಿ, ವೈರನ್ನ ಒಂದು ಸುತ್ತು ಸುತ್ತಿ ಕ್ಲಿಪ್ಪಿನಲ್ಲಿ ಹಿಡಿಸಿ. ಟ್ರಾನ್ಸ್‌ಮಿಟರ್ ಪಕ್ಕದ ಜೇಬಲ್ಲಿ ಅವರ ಫೋನಿದ್ಯಾ? ಫೋನ್ ತೆಗೆಸಿ. ರಿಸೀವರ್ ಕಬ್ಬಿಣದ ಬೀರುವಿನೊಳಗೆ ಇದ್ಯಾ? ಆಂಟೆನಾ ಪೀಠಕ್ಕೆ ನೇರವಾಗಿ ಕಾಣೋ ಹಾಗೆ ಹೊರಗಿಡಿ, ವೈಫೈ ರೌಟರ್‌ನಿಂದ ದೂರ. 2.4 ಗಿಗಾಹರ್ಟ್ಸ್ ಮೈಕಾದ್ರೆ ಜನ ತುಂಬಿದಾಗ ಮಾತ್ರ ಕೆಡುತ್ತೆ, ಶನಿವಾರ ಟೆಸ್ಟಲ್ಲಿ ಚೆನ್ನಾಗೇ ಇರುತ್ತೆ.

ಹಿಂದಿನ_ಸಾಲು
ರಿಸೀವರ್ ಬೀರುವಿನೊಳಗೇ ಇದೆ, ಬೀಗ ಬೇರೆ. ಕೀ ಕಾರ್ಯದರ್ಶಿ ಹತ್ರ. ಕೇಳ್ತೀನಿ.